ಗಾಗಲ್ಸ್ ತುಂಬಾ ನೀರು, ಕೈಯಲ್ಲಿ ಬರೀ ಲೆಕ್ಕ: ಮೈಕೆಲ್ ಫೆಲ್ಪ್ಸ್ ಪ್ರಕರಣ

2008ರ ಆಗಸ್ಟ್ 13ರ ಬೆಳಗ್ಗೆ ಬೀಜಿಂಗ್ ಒಲಿಂಪಿಕ್ಸಿನ ‘ವಾಟರ್ ಕ್ಯೂಬ್’ ಈಜುಕೊಳದಲ್ಲಿ ಪುರುಷರ 200 ಮೀಟರ್ ಬಟರ್‌ಫ್ಲೈ (ಎರಡೂ ತೋಳನ್ನು ಒಟ್ಟಿಗೆ ಬೀಸಿ ಈಜುವ ಬಗೆ) ಫೈನಲ್ ನಡೆಯಿತು. ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್ ನೀರಿಗೆ ಧುಮುಕಿದ ಕೂಡಲೇ ಅವರ ಗಾಗಲ್ಸ್ ಒಳಗೆ ನೀರು ಜಿನುಗತೊಡಗಿತು. ಒಂದೊಂದು ಸುತ್ತಿಗೂ ಅದು ಜಾಸ್ತಿಯಾಯಿತು. ಕೊನೆಯ ಸುತ್ತಿಗೆ ಬರುವ ಹೊತ್ತಿಗೆ ತಳದ ಕಪ್ಪು ಗೆರೆಯೂ ಕಾಣುತ್ತಿರಲಿಲ್ಲ, ಎದುರಿನ ಗೋಡೆಯೂ ಕಾಣುತ್ತಿರಲಿಲ್ಲ, ಪಕ್ಕದವರು ಎಲ್ಲಿದ್ದಾರೆ ಅನ್ನುವುದೂ ತಿಳಿಯುತ್ತಿರಲಿಲ್ಲ. ಗಾಗಲ್ಸ್ ಕಿತ್ತು ಹಾಕುವ ಹಾಗೂ ಇರಲಿಲ್ಲ. ಅವರು ತಲೆಗೆ ಎರಡು ಟೋಪಿ ಹಾಕುತ್ತಿದ್ದರು, ಗಾಗಲ್ಸಿನ ಪಟ್ಟಿ ಆ ಎರಡರ ನಡುವೆ ಸಿಕ್ಕಿಕೊಂಡಿತ್ತು.

ಆಗ ಅವರು ಎಣಿಸಲು ಶುರು ಮಾಡಿದರು. ಕೊನೆಯ 50 ಮೀಟರಿಗೆ ತನಗೆ 19 ಅಥವಾ 20 ಸ್ಟ್ರೋಕ್ (ತೋಳಿನ ಬೀಸು) ಬೇಕು, ಹೆಚ್ಚೆಂದರೆ 21 ಅನ್ನುವುದು ಅವರಿಗೆ ಗೊತ್ತಿತ್ತು. 20 ಆಯಿತು, ಇನ್ನೊಂದು ಬೇಕು ಅನ್ನಿಸಿತು. 21ನೆಯದನ್ನು ಜೋರಾಗಿ ಹಾಕಿ ಕೈ ಚಾಚಿದರು. ಗೋಡೆ ಸಿಕ್ಕಿತು. ಗಾಗಲ್ಸ್ ಕಿತ್ತು ಫಲಕ ನೋಡಿದರೆ 1 ನಿಮಿಷ 52.03 ಸೆಕೆಂಡು, ಹೊಸ ವಿಶ್ವದಾಖಲೆ. ಎರಡನೆಯವರಾಗಿ ಬಂದ ಹಂಗೇರಿಯ ಲಾಸ್ಲೊ ಚೆಹ್ ಅವರ ಸಮಯ 1 ನಿಮಿಷ 52.70 ಸೆಕೆಂಡು. ಆ ಒಲಿಂಪಿಕ್ಸಿನಲ್ಲಿ ಫೆಲ್ಪ್ಸ್ 8 ಚಿನ್ನ ಗೆದ್ದರು. 1972ರಲ್ಲಿ ಮ್ಯೂನಿಕ್‌ನಲ್ಲಿ ಮಾರ್ಕ್ ಸ್ಪಿಟ್ಜ್ ಗೆದ್ದಿದ್ದ 7ರ ದಾಖಲೆ ಮುರಿಯಿತು. ಕಣ್ಣು ಕಾಣದೆ ಈಜುವುದು ಹೇಗಿತ್ತು ಎಂದು ಕೇಳಿದವರಿಗೆ, ನಾನು ಕಲ್ಪಿಸಿಕೊಂಡಿದ್ದ ಹಾಗೇ ಇತ್ತು ಎಂದರು.

ಉಸಿರಿನ ಅಭ್ಯಾಸ ಮತ್ತು ಮನಸ್ಸಿನಲ್ಲಿ ಚಿತ್ರ ಕಟ್ಟುವ ಅಭ್ಯಾಸದ ಬಗ್ಗೆ ಮಾತು ಬಂದಾಗ ಈ ರೇಸಿನ ಕತೆ ಬಂದೇ ಬರುತ್ತದೆ. ಸಾಮಾನ್ಯವಾಗಿ ಕತೆ ಇಲ್ಲಿಗೇ ನಿಂತುಬಿಡುತ್ತದೆ. ಆದರೆ ಅದೇ ಮನುಷ್ಯ ಆರು ವರ್ಷದ ನಂತರ ಒಂದು ಕೋಣೆಯ ಬಾಗಿಲು ಹಾಕಿಕೊಂಡು, ಬದುಕಿರುವುದೇ ಬೇಡ ಎಂದು ದಿನಗಟ್ಟಲೆ ಕೂತಿದ್ದರು. ಅದೇ ತಲೆ, ಅದೇ ಅಭ್ಯಾಸ. ಒಂದು ಕಡೆ ಕೈ ಹಿಡಿದದ್ದು ಇನ್ನೊಂದು ಕಡೆ ಯಾಕೆ ಹಿಡಿಯಲಿಲ್ಲ? ಮಕ್ಕಳಿಗೆ, ಕಷ್ಟದಲ್ಲಿರುವ ಸ್ನೇಹಿತರಿಗೆ “ಸ್ವಲ್ಪ ಧ್ಯಾನ ಮಾಡು, ಒಳ್ಳೆಯದನ್ನೇ ಕಲ್ಪಿಸಿಕೋ” ಎಂದು ಹೇಳುವ ಮುಂಚೆ ಈ ಎರಡೂ ಭಾಗ ನಮಗೆ ತಿಳಿದಿರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದಕ್ಕೇ ಈ ಪ್ರಕರಣವನ್ನು ಮೊದಲಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ.

ಹುಡುಗ, ಅಮ್ಮ, ಕೋಚ್

ಮೈಕೆಲ್ ಹುಟ್ಟಿದ್ದು 1985ರ ಜೂನ್ 30ರಂದು, ಅಮೆರಿಕದ ಬಾಲ್ಟಿಮೋರ್‌ನಲ್ಲಿ. ಅಮ್ಮ ಡೆಬ್ಬಿ ಶಾಲೆಯಲ್ಲಿ ಟೀಚರ್, ಅಪ್ಪ ಪೊಲೀಸ್. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಅಪ್ಪ ಅಮ್ಮ ಬೇರೆಯಾದರು. ಒಂದು ಕಡೆ ಕೂರಲಾಗದ, ಒಂದು ಕೆಲಸದ ಮೇಲೆ ಗಮನ ನಿಲ್ಲದ ಸ್ವಭಾವ. ಅದು ಎಡಿಎಚ್‌ಡಿ ಎಂದು ವೈದ್ಯರು ಗುರುತಿಸಿದರು. ಅಕ್ಕಂದಿರಿಬ್ಬರೂ ಈಜುತ್ತಿದ್ದರು, ಇವನೂ 7ನೇ ವಯಸ್ಸಿಗೆ ಕೊಳಕ್ಕೆ ಇಳಿದ. ಮುಂದೆ 28 ಒಲಿಂಪಿಕ್ ಪದಕ ಗೆಲ್ಲುವ ಈ ಹುಡುಗನಿಗೆ ಆಗ ಮುಖವನ್ನು ನೀರಿನಲ್ಲಿ ಮುಳುಗಿಸಲು ಭಯ. ಅದಕ್ಕೆ ಮೊದಲು ಬೆನ್ನ ಮೇಲೆ ಈಜುವುದನ್ನು ಕಲಿಸಿದರು.

11ನೇ ವಯಸ್ಸಿಗೆ ಅವನು ಬಾಬ್ ಬೋಮನ್ ಅನ್ನುವ ಕೋಚ್ ಕೈಗೆ ಬಂದ. ಉದ್ದ ತೋಳು, ದೊಡ್ಡ ಪಾದ, ಛಲ ಎಲ್ಲ ಇತ್ತು. ಇಲ್ಲದೆ ಇದ್ದದ್ದು ಶಾಂತಿ. ರೇಸಿಗೆ ಮುಂಚೆ ಹುಡುಗ ಬಿಗಿಯಾಗಿಬಿಡುತ್ತಿದ್ದ, ತಲೆ ಎಲ್ಲೆಲ್ಲೋ ಓಡುತ್ತಿತ್ತು. ಬೋಮನ್ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಕೊಳದ ಹೊರಗಿನದು. ಮೈ ಸಡಿಲಿಸುವ ವಿಧಾನವನ್ನು ಹೇಳಿಕೊಡುವ ಒಂದು ಬರಹವನ್ನು ಡೆಬ್ಬಿಗೆ ಕೊಟ್ಟು, ರಾತ್ರಿ ಮಗ ಮಲಗುವ ಮುಂಚೆ ಓದಿ ಹೇಳಿ ಎಂದರು. ಬಲಗೈ ಮುಷ್ಟಿ ಬಿಗಿ ಮಾಡು, ಈಗ ಬಿಡು. ಬಿಗಿತ ಕರಗಿ ಹೋಗುತ್ತಿದೆ ಎಂದುಕೋ. ಹೀಗೆ ಒಂದೊಂದೇ ಅಂಗ. ಅಮ್ಮ ಓದುವುದು, ಹುಡುಗ ಕಣ್ಣು ಮುಚ್ಚಿ ಮಾಡುವುದು.

ನನಗೆ ಈ ಪ್ರಕರಣದಲ್ಲಿ ತುಂಬಾ ಇಷ್ಟವಾದ ಭಾಗ ಇದೇ. ಯಾವ ಉಪಕರಣವೂ ಇಲ್ಲ, ದುಬಾರಿ ಶಿಬಿರವೂ ಇಲ್ಲ. ಗೊತ್ತಿರುವ ದನಿ, ದಿನಾ ಅದೇ ಹೊತ್ತು, ಅದೇ ಹಾಸಿಗೆ. ಕಣ್ಣು ಮುಚ್ಚಿ ಕೂರು ಎಂದರೆ ಎಡಿಎಚ್‌ಡಿ ಇರುವ ಮಗುವಿಗೆ ಅದು ಶಿಕ್ಷೆ. ಮುಷ್ಟಿ ಬಿಗಿ ಮಾಡು, ಬಿಡು ಎಂದರೆ ಅದೊಂದು ಕೆಲಸ. ಕೈಗೆ ಕೆಲಸ ಸಿಕ್ಕರೆ ಮನಸ್ಸು ಅದರ ಹಿಂದೆ ಹೋಗುತ್ತದೆ. ಸುಮ್ನೆ ಕೂರಲಾಗದವರಿಗೆ ಧ್ಯಾನ ಆಗುವುದಿಲ್ಲ ಎಂದು ನಾವು ಬೇಗ ತೀರ್ಮಾನ ಮಾಡಿಬಿಡುತ್ತೇವೆ. ಎಷ್ಟೋ ಸಲ ಕೊರತೆ ಇರುವುದು ನಾವು ಹೇಳಿಕೊಡುವ ವಿಧಾನದಲ್ಲಿ.

ಸ್ನಾಯುವಿನಿಂದ ಉಸಿರಿಗೆ, ಉಸಿರಿನಿಂದ ಎದೆಗೆ

ಒಂದೊಂದೇ ಸ್ನಾಯುವನ್ನು ಬಿಗಿ ಮಾಡಿ ಸಡಿಲ ಬಿಡುವ ಈ ಕ್ರಮವನ್ನು ಶಾಸ್ತ್ರೀಯವಾಗಿ ರೂಪಿಸಿದವರು ಶಿಕಾಗೋದ ವೈದ್ಯ ಎಡ್ಮಂಡ್ ಜೇಕಬ್ಸನ್. 1929ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದರು. ಮೈ ಪೂರ್ತಿ ಸಡಿಲವಾಗಿದ್ದಾಗ ಮನಸ್ಸಿನ ಕಳವಳ ಜೋರಾಗಿ ಉಳಿಯುವುದು ಕಷ್ಟ ಅನ್ನುವುದು ಅವರ ಮೂಲ ನಂಬಿಕೆ. ಇನ್ನೊಂದನ್ನೂ ಅವರು ಕಂಡುಕೊಂಡರು. ತೋಳು ಮಡಚುವುದನ್ನು ಸುಮ್ನೆ ಕಲ್ಪಿಸಿಕೊಂಡರೂ ಆ ತೋಳಿನ ಸ್ನಾಯುವಿನಲ್ಲಿ ಅತಿ ಸಣ್ಣ ವಿದ್ಯುತ್ ಚಲನೆ ಅಳತೆಗೆ ಸಿಗುತ್ತದೆ. ಕಲ್ಪನೆ ಬರೀ ತಲೆಯೊಳಗಿನ ವಿಷಯವಲ್ಲ ಅನ್ನುವುದಕ್ಕೆ ಅದು ಮೊದಲ ಪುರಾವೆಗಳಲ್ಲಿ ಒಂದು.

ಮೈ ಸಡಿಲವಾದಾಗ ಉಸಿರು ತಾನಾಗಿ ನಿಧಾನವಾಗುತ್ತದೆ. ಉಸಿರು ಒಳಗೆ ಎಳೆದಾಗ ಎದೆಬಡಿತ ಒಂಚೂರು ಜೋರಾಗುತ್ತದೆ, ಹೊರಗೆ ಬಿಟ್ಟಾಗ ನಿಧಾನವಾಗುತ್ತದೆ. ಇದನ್ನು ನೀವೇ ಮಣಿಕಟ್ಟಿನ ನಾಡಿ ಹಿಡಿದು ನೋಡಬಹುದು. ಮೆದುಳಿನಿಂದ ಎದೆಗೂ ಹೊಟ್ಟೆಗೂ ಇಳಿಯುವ ವೇಗಸ್ ನರದ ಕೆಲಸ ಇದು. ಎದೆಬಡಿತವನ್ನು ನೇರವಾಗಿ ಕಡಿಮೆ ಮಾಡು ಎಂದರೆ ಯಾರಿಗೂ ಆಗದು. ಉಸಿರನ್ನು ಉದ್ದ ಬಿಡುವುದು ಎಲ್ಲರಿಗೂ ಆಗುತ್ತದೆ. ದೇಹದ ತಾನೇ ತಾನಾಗಿ ನಡೆಯುವ ಕೆಲಸಗಳಲ್ಲಿ ನಮ್ಮ ಕೈಗೆ ಸುಲಭವಾಗಿ ಸಿಗುವ ಹಿಡಿ ಉಸಿರು ಒಂದೇ.

2001ರಲ್ಲಿ ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಅವರ ತಂಡ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಒಂದು ಸೊಗಸಾದ ಅಧ್ಯಯನ ಪ್ರಕಟಿಸಿತು. ಆರೋಗ್ಯವಾಗಿದ್ದ 23 ಜನರಿಂದ ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ ಅಳೆದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು. ಸಾಮಾನ್ಯವಾಗಿ ಆರಾಮಾಗಿ ಕೂತಾಗ ನಾವು ಉಸಿರಾಡುವುದು 12ರಿಂದ 20 ಸಲ. 6ರ ಹತ್ತಿರ ಬಂದಾಗ ಎದೆಬಡಿತದ ಏರಿಳಿತ ಮತ್ತು ರಕ್ತದೊತ್ತಡದ ಏರಿಳಿತ ಒಂದೇ ಲಯಕ್ಕೆ ಬಂದವು. ನಮ್ಮಲ್ಲಿ ಜಪ ಮಾಡುತ್ತಾ ಕೂತ ಅಜ್ಜ ಅಜ್ಜಿಯರ ಮುಖದಲ್ಲಿ ಕಾಣುವ ನಿರಾಳಕ್ಕೆ ಭಕ್ತಿಯ ಜೊತೆ ಇದೂ ಒಂದು ಕಾರಣ ಇರಬಹುದು ಅಲ್ವಾ? ಭಕ್ತಿಯನ್ನು ಇದರಿಂದ ಕಡಿಮೆ ಮಾಡಿದ ಹಾಗೆ ಆಗುವುದಿಲ್ಲ. ಆ ಅಭ್ಯಾಸ ಕಟ್ಟಿಕೊಟ್ಟವರು ದೇಹವನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು ಅನ್ನುವುದು ಅಚ್ಚರಿ ಹುಟ್ಟಿಸುತ್ತದೆ.

ತಲೆಯೊಳಗಿನ ಟೇಪು

ಮೈ ಸಡಿಲಾದ ಮೇಲೆ ಎರಡನೇ ಹಂತ. ಆ ಕಾಲದಲ್ಲಿ ಮನೆಮನೆಯಲ್ಲೂ ವಿಡಿಯೊ ಟೇಪು ಇತ್ತು. ಬೋಮನ್ ಅದೇ ಮಾತು ಬಳಸಿದರು. ರಾತ್ರಿ ಮಲಗುವಾಗ ಟೇಪ್ ಹಾಕು, ಬೆಳಗ್ಗೆ ಎದ್ದ ಕೂಡಲೇ ಟೇಪ್ ಹಾಕು. ಟೇಪಿನಲ್ಲಿ ಇರುವುದು ತಪ್ಪಿಲ್ಲದೆ ಈಜಿದ ಒಂದು ರೇಸು. ಕಟ್ಟೆಯಿಂದ ಹಾರುವುದು, ನೀರು ಮೈಗೆ ತಾಗುವುದು, ಒಂದೊಂದು ಸ್ಟ್ರೋಕು, ಗೋಡೆಯಲ್ಲಿ ತಿರುಗುವುದು, ಮುಗಿಸುವುದು, ಗಾಗಲ್ಸ್ ತೆಗೆಯುವುದು. ಕೆಲವೊಮ್ಮೆ ನೀರಿನೊಳಗಿಂದ, ಕೆಲವೊಮ್ಮೆ ಪ್ರೇಕ್ಷಕರ ಸಾಲಿನಲ್ಲಿ ಕೂತು ನೋಡಿದ ಹಾಗೆ. ತರಬೇತಿಯಲ್ಲಿ ಪೂರ್ತಿ ವೇಗ ಬೇಕೆಂದಾಗ ಬೋಮನ್ ಟೇಪ್ ಹಾಕು ಎಂದು ಕೂಗುತ್ತಿದ್ದರು. ಅಂದರೆ ಕಲ್ಪನೆಗೂ ಕೊಳಕ್ಕೂ ನಡುವೆ ಗೋಡೆ ಇರಲಿಲ್ಲ. ರಾತ್ರಿ ಕಂಡದ್ದನ್ನು ಬೆಳಗ್ಗೆ ನೀರಿನಲ್ಲಿ ಮಾಡುವುದು, ನೀರಿನಲ್ಲಿ ಮಾಡಿದ್ದನ್ನು ರಾತ್ರಿ ಮತ್ತೆ ಕಾಣುವುದು.

ಇದು ಕೆಲಸ ಮಾಡುತ್ತದೆಯೇ? 1995ರಲ್ಲಿ ಆಲ್ವಾರೊ ಪಾಸ್ಕ್ವಲ್-ಲಿಯೋನ್ ಮತ್ತು ಸಂಗಡಿಗರು ಪಿಯಾನೊ ಗೊತ್ತಿಲ್ಲದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟರು. ಒಂದು ಗುಂಪು ಐದು ದಿನ, ದಿನಕ್ಕೆ ಎರಡು ಗಂಟೆ ನುಡಿಸಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಬೆರಳಾಡಿಸದೆ ನುಡಿಸಿದ ಹಾಗೆ ಕಲ್ಪಿಸಿಕೊಂಡಿತು. ಬೆರಳನ್ನು ಆಡಿಸುವ ಮೆದುಳಿನ ಭಾಗ ಎರಡೂ ಗುಂಪಿನಲ್ಲಿ ಹಿಗ್ಗಿತು. ನುಡಿಸುವುದರಲ್ಲಿ ಮಾತ್ರ ನಿಜವಾಗಿ ನುಡಿಸಿದವರೇ ಮುಂದೆ. ಕಲ್ಪಿಸಿಕೊಂಡವರು ಆಮೇಲೆ ಒಂದೇ ಒಂದು ಸಲ ಎರಡು ಗಂಟೆ ನುಡಿಸಿದಾಗ ಆ ಅಂತರ ತುಂಬಿಕೊಂಡರು.

ಈ ಅಧ್ಯಯನದ ಮೊದಲರ್ಧವನ್ನು ಮಾತ್ರ ಹೇಳುವವರು ಬಹಳ. ಎರಡನೇ ಅರ್ಧವೂ ಅಷ್ಟೇ ಮುಖ್ಯ. ಅಥೆನ್ಸ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳಲ್ಲಿ ಫೆಲ್ಪ್ಸ್ ಭಾನುವಾರವೂ ಬಿಡಲಿಲ್ಲ, ಕ್ರಿಸ್‌ಮಸ್ ದಿನವೂ ಬಿಡಲಿಲ್ಲ. ಟೇಪಿನ ಕೆಳಗೆ ಅಷ್ಟು ನೀರು ಇತ್ತು.

ಕೆಟ್ಟದ್ದನ್ನೂ ಕಾಣುವುದು

ಫೆಲ್ಪ್ಸ್ ಅನೇಕ ಸಲ ಹೇಳಿಕೊಂಡಿರುವ ಒಂದು ಮಾತಿದೆ. ತಾನು ಮೂರು ಬಗೆಯ ಚಿತ್ರ ಕಾಣುತ್ತಿದ್ದೆ ಅನ್ನುತ್ತಾರೆ. ಏನಾಗಬೇಕು, ಏನಾಗಬಾರದು, ಏನು ಆಗಿಬಿಡಬಹುದು. ಈಜುಡುಗೆ ಹರಿದರೆ? ಗಾಗಲ್ಸ್ ಒಡೆದರೆ? ಆಗ ನಾನು ಏನು ಮಾಡುತ್ತೇನೆ?

ಬೋಮನ್ ಇದನ್ನು ಕಲ್ಪನೆಯಲ್ಲಿ ಮಾತ್ರ ಬಿಡಲಿಲ್ಲ. ಮಿಷಿಗನ್‌ನ ಕೊಳದಲ್ಲಿ ದೀಪ ಆರಿಸಿ ಕತ್ತಲಲ್ಲಿ ಈಜಿಸಿದರು. ಆಸ್ಟ್ರೇಲಿಯಾದಲ್ಲಿ ಒಂದು ಸ್ಪರ್ಧೆಗೆ ಮುಂಚೆ ಬೇಕೆಂದೇ ಗಾಗಲ್ಸ್ ತುಳಿದು ಬಿರುಕು ಬಿಡಿಸಿದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಹುಡುಗ ನೀರಿಗೆ ಹಾರಿದ ಮೇಲೆಯೇ ಗೊತ್ತಾದದ್ದು. ಸ್ಟ್ರೋಕ್ ಎಣಿಸುತ್ತಾ ಮುಗಿಸಿದ. ಬೀಜಿಂಗ್‌ನ ಆ ಬೆಳಗ್ಗೆ ಗಾಗಲ್ಸ್ ತುಂಬಿದಾಗ ಅವರಿಗೆ ಅದು ಹೊಸ ಅನುಭವವಲ್ಲ. ರಾತ್ರಿ ಅಡುಗೆಮನೆಯಲ್ಲಿ ಕರೆಂಟ್ ಹೋದಾಗ ಕೈ ತಾನೇ ಬೆಂಕಿಪೊಟ್ಟಣ ಇರುವ ಕಡೆಗೆ ಹೋಗುತ್ತದಲ್ವಾ, ಹಾಗೆ ಅವರ ಮನಸ್ಸು ಎಣಿಕೆಯ ಕಡೆಗೆ ಹೋಯಿತು.

ನಮ್ಮಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳಿಗೆ ಕೊಡುವ ಸಲಹೆ ಸಾಮಾನ್ಯವಾಗಿ ಇದರ ತದ್ವಿರುದ್ಧ. ಕಣ್ಣು ಮುಚ್ಚು, ಒಳ್ಳೆಯ ಅಂಕ ಬಂದಿದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ ಎಂದು ಕಲ್ಪಿಸಿಕೋ. ಕೆಟ್ಟದ್ದನ್ನು ಯೋಚಿಸಲೇಬೇಡ. ಹೇಳುವವರ ಮನಸ್ಸು ಒಳ್ಳೆಯದು, ಅದರಲ್ಲಿ ಸಂಶಯವಿಲ್ಲ. ಆದರೆ ಜರ್ಮನಿಯ ಮನಶ್ಶಾಸ್ತ್ರಜ್ಞೆ ಗಾಬ್ರಿಯೆಲೆ ಊಟಿಂಗೆನ್ ಈ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿ ಕಂಡದ್ದು ಬೇರೆ. 1991ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೂಕ ಇಳಿಸುವ ಕಾರ್ಯಕ್ರಮಕ್ಕೆ ಸೇರಿದ ಮಹಿಳೆಯರ ಪೈಕಿ ತಾನು ಆಗಲೇ ಸಣ್ಣಗಾಗಿರುವ ಸುಖದ ಚಿತ್ರ ಹೆಚ್ಚು ಕಂಡವರು ಕಡಿಮೆ ತೂಕ ಇಳಿಸಿದರು. ತನ್ನಿಂದ ಇದು ಆಗುತ್ತದೆ ಎಂದು ನಂಬಿದವರು ಹೆಚ್ಚು ಇಳಿಸಿದರು. ನಂಬಿಕೆ ಬೇರೆ, ಹಗಲುಗನಸು ಬೇರೆ. ಫಲ ಸಿಕ್ಕೇಬಿಟ್ಟಿತು ಅನ್ನುವ ಚಿತ್ರ ಸಿಹಿಯಾಗಿ ಸಮಾಧಾನ ಕೊಡುತ್ತದೆ, ಸಮಾಧಾನವಾದ ಮೈ ದುಡಿಯಲು ಏಳುವುದಿಲ್ಲ. ಗುರಿಯ ಜೊತೆಗೆ ದಾರಿಯ ಅಡ್ಡಿಯನ್ನೂ ಕಾಣಬೇಕು ಅನ್ನುವುದು ಅವರ ಮುಂದಿನ ಕೆಲಸದ ತಿರುಳು.

ಹಾಗಂತ ಕೆಟ್ಟದ್ದನ್ನು ಕಾಣುವುದು ಎಂದರೆ ಕೂತು ಚಿಂತೆ ಮಾಡುವುದಲ್ಲ. ಚಿಂತೆ “ಹಾಗಾದರೆ ಏನು ಗತಿ” ಅನ್ನುವಲ್ಲಿ ನಿಂತು ಸುತ್ತುತ್ತದೆ. ಫೆಲ್ಪ್ಸ್ ಟೇಪು ಅಲ್ಲಿ ನಿಲ್ಲುವುದಿಲ್ಲ. ಗಾಗಲ್ಸ್ ಒಡೆಯಿತು, ಎಣಿಸಿದೆ, ಗೋಡೆ ಮುಟ್ಟಿದೆ. ಪ್ರತಿ ಅಡ್ಡಿಯ ಮುಂದೆಯೂ ಒಂದು ಕೆಲಸ ಇದೆ, ಆ ಕೆಲಸಕ್ಕೆ ಒಂದು ಕೊನೆ ಇದೆ. ಇದನ್ನು ಮೈ ಬಿಗಿಯಾಗಿದ್ದಾಗ ಮಾಡಿದರೆ ಭಯವೇ ಗಟ್ಟಿಯಾಗುತ್ತದೆ. ಮೈ ಸಡಿಲಾಗಿ, ಉಸಿರು ನಿಧಾನವಾಗಿರುವಾಗ ಮಾಡಿದರೆ ಆ ದೃಶ್ಯಕ್ಕೂ ಶಾಂತಿಗೂ ನಂಟು ಬೆಳೆಯುತ್ತದೆ. ಬೋಮನ್ ಅಮ್ಮನಿಂದ ಮೊದಲು ಮುಷ್ಟಿ ಸಡಿಲಿಸುವುದನ್ನು ಓದಿಸಿದ್ದರ ಮಹತ್ವ ಇಲ್ಲಿ ಕಾಣುತ್ತದೆ. ಆ ಕ್ರಮ ಹಿಂದುಮುಂದಾದರೆ ಫಲವೂ ಬದಲಾಗುತ್ತದೆ.

ಉಳಿಸಿದ್ದು ಚಿತ್ರವಲ್ಲ

ಆ ಕೊನೆಯ ಸುತ್ತನ್ನು ಇನ್ನೊಂದು ಸಲ ನೋಡೋಣ. ಕಣ್ಣಿಗೆ ಏನೂ ಕಾಣುತ್ತಿಲ್ಲ. ಕೈ ಹಿಡಿದದ್ದು ಒಂದು ಎಣಿಕೆ, ಮತ್ತು ನೀರು ಮೈಗೆ ತಾಗುವ ಬಗೆ. ಬಟರ್‌ಫ್ಲೈನಲ್ಲಿ ಫೆಲ್ಪ್ಸ್ ಬಹುಮಟ್ಟಿಗೆ ಪ್ರತಿ ಸ್ಟ್ರೋಕಿಗೂ ಉಸಿರು ತೆಗೆದುಕೊಳ್ಳುತ್ತಿದ್ದ ಈಜುಗಾರ. ಹಾಗಾಗಿ ಸ್ಟ್ರೋಕ್ ಎಣಿಸುವುದೂ ಉಸಿರು ಎಣಿಸುವುದೂ ಅಲ್ಲಿ ಹೆಚ್ಚುಕಡಿಮೆ ಒಂದೇ. ಬೌದ್ಧರ ಆನಾಪಾನ ಅಭ್ಯಾಸದಲ್ಲಿ ಹೊಸಬರಿಗೆ ಹೇಳಿಕೊಡುವುದೂ ಉಸಿರನ್ನು ಎಣಿಸುವುದನ್ನೇ. ಗಾಬರಿಯಲ್ಲಿ ಮನಸ್ಸಿಗೆ ದೊಡ್ಡ ವಿಚಾರ ಹಿಡಿಯುವುದಿಲ್ಲ, ಮುಂದಿನ ಒಂದು ಅಂಕಿ ಹಿಡಿಯುತ್ತದೆ. ಇದು ನನ್ನ ಓದು, ಫೆಲ್ಪ್ಸ್ ಹೀಗೆ ಹೇಳಿಲ್ಲ.

ಈ ಮಾತು ಇನ್ನೊಂದು ಕಾರಣಕ್ಕೆ ಮುಖ್ಯ. ಕಣ್ಣು ಮುಚ್ಚಿದರೆ ಏನೂ ಕಾಣಿಸುವುದೇ ಇಲ್ಲ ಅನ್ನುವ ಜನ ಇದ್ದಾರೆ. ಸಮುದ್ರ ತೀರ ಕಲ್ಪಿಸಿಕೊಳ್ಳಿ ಎಂದಾಗ ಎಲ್ಲರೂ ಮುಗುಳ್ನಗುತ್ತಿದ್ದರೆ ಅವರಿಗೆ ಬರೀ ಕತ್ತಲು. ತನ್ನಲ್ಲೇ ಏನೋ ಊನ ಇದೆ ಎಂದು ಅವರು ಕುಗ್ಗುತ್ತಾರೆ. 1880ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಜನರಿಗೆ ಬೆಳಗಿನ ತಿಂಡಿಯ ಮೇಜನ್ನು ನೆನೆಸಿಕೊಳ್ಳಲು ಹೇಳಿ, ಒಬ್ಬೊಬ್ಬರಿಗೂ ಕಾಣುವ ಸ್ಪಷ್ಟತೆ ಎಷ್ಟು ಬೇರೆ ಬೇರೆ ಎಂದು ದಾಖಲಿಸಿದ್ದರು. 2015ರಲ್ಲಿ ಬ್ರಿಟನ್ನಿನ ಆ್ಯಡಮ್ ಝೆಮನ್ ಮತ್ತು ಸಂಗಡಿಗರು ಚಿತ್ರವೇ ಮೂಡದ ಸ್ಥಿತಿಗೆ ಅಫ್ಯಾಂಟೇಸಿಯಾ ಎಂದು ಹೆಸರಿಟ್ಟರು. ಅದು ರೋಗವಲ್ಲ. ಚಿತ್ರ ಬಾರದವರು ಎಣಿಕೆ ಹಿಡಿಯಬಹುದು, ಸದ್ದು ಹಿಡಿಯಬಹುದು, ಅಂಗಾಲು ನೆಲಕ್ಕೆ ತಾಗುವುದನ್ನು ಹಿಡಿಯಬಹುದು. ಬೀಜಿಂಗ್‌ನಲ್ಲಿ ಕೊನೆಗೆ ಕೆಲಸಕ್ಕೆ ಬಂದದ್ದೂ ಅಂಥದ್ದೇ.

ಅದೇ ರೇಸು, ನಾಲ್ಕು ವರ್ಷದ ನಂತರ

2012, ಲಂಡನ್. ಅದೇ 200 ಮೀಟರ್ ಬಟರ್‌ಫ್ಲೈ. ಕೊನೆಯ ಗೋಡೆಯ ತನಕ ಫೆಲ್ಪ್ಸ್ ಮುಂದಿದ್ದರು. ಕೊನೆಗೆ ಇನ್ನೊಂದು ಸ್ಟ್ರೋಕ್ ಹಾಕದೆ ಕೈ ಚಾಚಿ ಜಾರಿದರು. ದಕ್ಷಿಣ ಆಫ್ರಿಕಾದ ಚಾಡ್ ಲೆ ಕ್ಲೋಸ್ ಗೋಡೆ ಮೊದಲು ಮುಟ್ಟಿದರು, 0.05 ಸೆಕೆಂಡಿನ ಅಂತರದಲ್ಲಿ. ತರಬೇತಿಯಲ್ಲಿ ಹೀಗೆ ಸೋಮಾರಿಯಾಗಿ ಜಾರಿ ಮುಗಿಸುವುದು ತನಗೆ ರೂಢಿಯಾಗಿತ್ತು, ಅದೇ ಇಲ್ಲಿ ಹೊರಬಂತು ಎಂದು ಫೆಲ್ಪ್ಸ್ ಆಮೇಲೆ ಒಪ್ಪಿಕೊಂಡರು. ಬೀಜಿಂಗ್ ನಂತರದ ವರ್ಷಗಳಲ್ಲಿ ತರಬೇತಿ ತಪ್ಪಿಸುತ್ತಿದ್ದುದು ಗುಟ್ಟೇನೂ ಆಗಿರಲಿಲ್ಲ.

ಒಬ್ಬನೇ ಮನುಷ್ಯ, ಒಂದೇ ರೇಸು, ಅದೇ ಕೊನೆಯ ಒಂದು ಸ್ಟ್ರೋಕು. 2008ರಲ್ಲಿ ಕಣ್ಣು ಕಾಣದೆ ಅದನ್ನು ಹಾಕಿದರು, 2012ರಲ್ಲಿ ಕಣ್ಣು ಕಾಣುತ್ತಿದ್ದರೂ ಬಿಟ್ಟರು. ತಲೆಯೊಳಗಿನ ಟೇಪು ಎರಡೂ ಸಲ ಇತ್ತು. ಬದಲಾದದ್ದು ದಿನದಿನದ ನೀರು. ಕಲ್ಪನೆ ಅಭ್ಯಾಸವನ್ನು ಕರೆದು ತರುತ್ತದೆ, ಅಭ್ಯಾಸವನ್ನು ಹುಟ್ಟಿಸುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕೋಣೆ

ಈಗ ಪ್ರಕರಣದ ಭಾರವಾದ ಭಾಗ. 2014ರ ಸೆಪ್ಟೆಂಬರ್ 30ರಂದು ಬಾಲ್ಟಿಮೋರ್‌ನಲ್ಲಿ ಕುಡಿದು ಕಾರು ಓಡಿಸಿದ್ದಕ್ಕೆ ಫೆಲ್ಪ್ಸ್ ಬಂಧನವಾಯಿತು. ಅದು ಎರಡನೇ ಸಲ, ಮೊದಲನೆಯದು 2004ರಲ್ಲಿ. ಅಮೆರಿಕದ ಈಜು ಸಂಸ್ಥೆ ಆರು ತಿಂಗಳು ಅಮಾನತು ಮಾಡಿತು. ಅದಾದ ಮೇಲೆ ಕೋಣೆಯಿಂದ ಹೊರಗೆ ಬರದೆ, ಸರಿಯಾಗಿ ಊಟ ನಿದ್ದೆ ಇಲ್ಲದೆ, ಬದುಕುವ ಆಸೆಯೇ ಇಲ್ಲದೆ ಕೆಲವು ದಿನ ಕಳೆದೆ ಎಂದು 2018ರ ಜನವರಿಯಲ್ಲಿ ಶಿಕಾಗೋದ ಒಂದು ಸಭೆಯಲ್ಲಿ ಅವರೇ ಹೇಳಿದರು. ಪ್ರತಿ ಒಲಿಂಪಿಕ್ಸ್ ಮುಗಿದ ಮೇಲೂ ಖಿನ್ನತೆಗೆ ಜಾರುತ್ತಿದ್ದೆ, ಅದು 2004ರಿಂದಲೇ ಶುರುವಾಯಿತು ಎಂದೂ ಹೇಳಿದರು.

2004ರಲ್ಲಿ ಅವರು ಗೆದ್ದದ್ದು 6 ಚಿನ್ನ, 2 ಕಂಚು. ಹೊರಗಿನಿಂದ ನೋಡಿದವರಿಗೆ ಆ ಹುಡುಗನಿಗೆ ಕತ್ತಲು ಕವಿದಿದೆ ಅನ್ನುವ ಸುಳಿವೂ ಸಿಕ್ಕಿರಲಾರದು.

ಪ್ರಶ್ನೆ ಇಲ್ಲಿಗೆ ಬಂತು. ದಿನಾ ಮೈ ಸಡಿಲಿಸಲು ಬಲ್ಲವನು, ಉಸಿರು ನಿಧಾನ ಮಾಡಬಲ್ಲವನು, ಜಗತ್ತಿನ ಅತ್ಯಂತ ಗಟ್ಟಿಯಾದ ಕಲ್ಪನೆಯ ಅಭ್ಯಾಸ ಇದ್ದವನು ಯಾಕೆ ಇಲ್ಲಿಗೆ ಬಂದ? ನನ್ನ ಉತ್ತರ ಹೀಗಿದೆ. ಆ ಟೇಪಿನಲ್ಲಿ ಒಬ್ಬ ಈಜುಗಾರ ಮಾತ್ರ ಇದ್ದ. ಟೇಪು ಗೋಡೆ ಮುಟ್ಟುವಲ್ಲಿಗೆ ಮುಗಿಯುತ್ತಿತ್ತು. ಆಮೇಲಿನ ಬದುಕಿಗೆ, ಅಪ್ಪನ ಜೊತೆಗಿನ ದೂರಕ್ಕೆ, ಈಜು ಇಲ್ಲದಿದ್ದರೆ ನಾನು ಯಾರು ಅನ್ನುವುದಕ್ಕೆ ಯಾವ ಅಭ್ಯಾಸವೂ ಇರಲಿಲ್ಲ. ಭಾವನೆಗಳನ್ನು ಒಳಗೇ ಒತ್ತಿ ಇಡುವುದರಲ್ಲಿ ತಾನು ನಿಪುಣನಾಗಿದ್ದೆ ಎಂದು ಫೆಲ್ಪ್ಸ್ ಹೇಳಿಕೊಂಡಿದ್ದಾರೆ. ಮನಸ್ಸನ್ನು ಒಂದು ಬಿಂದುವಿನಲ್ಲಿ ನಿಲ್ಲಿಸುವ ಶಕ್ತಿ ನೋವನ್ನು ನೋಡದೆ ದಾಟಿ ಹೋಗಲೂ ಬಳಕೆಯಾಗಬಹುದು. ಇದು ಧ್ಯಾನ ಮಾಡುವ ಎಲ್ಲರೂ ತಿಳಿದಿರಬೇಕಾದ ಅಪಾಯ. ಕೂತು ಎದ್ದ ಮೇಲೆ ಮನಸ್ಸು ಹಗುರವಾಗಿದೆ ಅನ್ನಿಸಬಹುದು, ಒಳಗಿನ ಗಾಯ ಅಲ್ಲೇ ಇರಬಹುದು. ಅದಕ್ಕಿಂತ ಮುಖ್ಯ, ಖಿನ್ನತೆ ಒಂದು ಕಾಯಿಲೆ. ಉಸಿರಾಟ ಅದಕ್ಕೆ ಜೊತೆಯಾಗಿ ನೆರವಾಗಬಹುದು, ಚಿಕಿತ್ಸೆಯ ಜಾಗದಲ್ಲಿ ಕೂರಲಾರದು.

ಫೆಲ್ಪ್ಸ್ ಅರಿಜೋನಾದ ಒಂದು ಚಿಕಿತ್ಸಾ ಕೇಂದ್ರದಲ್ಲಿ 45 ದಿನ ಇದ್ದರು. ಅಲ್ಲಿ ಅವರು ಮಾಡಿದ್ದು ಮಾತಾಡುವ ಕೆಲಸ. ತನಗೆ ಏನಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಲು ಶುರು ಮಾಡಿದ ಮೇಲೆ ಬದುಕು ಸುಲಭವಾಯಿತು ಎಂದು ಆಮೇಲೆ ಹೇಳಿದರು. 2016ರಲ್ಲಿ ರಿಯೊದಲ್ಲಿ, 31ನೇ ವಯಸ್ಸಿನಲ್ಲಿ, ಅದೇ 200 ಮೀಟರ್ ಬಟರ್‌ಫ್ಲೈಯನ್ನು ಜಪಾನಿನ ಮಸಾತೊ ಸಕಾಯ್ ಅವರಿಗಿಂತ 0.04 ಸೆಕೆಂಡು ಮುಂಚೆ ಮುಗಿಸಿ ಗೆದ್ದರು. ನಾಲ್ಕು ವರ್ಷದ ಹಿಂದೆ ಕಳೆದುಕೊಂಡದ್ದಕ್ಕಿಂತಲೂ ಸಣ್ಣ ಅಂತರ. ಹಾಗಂತ ಇದನ್ನು ಪೂರ್ತಿ ವಾಸಿಯಾದ ಕತೆ ಎಂದು ಅವರು ಎಲ್ಲೂ ಹೇಳಿಕೊಂಡಿಲ್ಲ. ಆತಂಕ, ಖಿನ್ನತೆ ತನ್ನನ್ನು ಪೂರ್ತಿ ಬಿಟ್ಟು ಹೋಗುವಂಥವಲ್ಲ ಎಂದು 2020ರಲ್ಲಿ, ಕೊರೊನಾ ಕಾಲದಲ್ಲಿ ಬಹಿರಂಗವಾಗಿ ಹೇಳಿದರು.

ನಮ್ಮ ಮನೆಗಳಿಗೆ ಇದರಿಂದ ಏನು ತೆಗೆದುಕೊಳ್ಳಬಹುದು

ಪರೀಕ್ಷೆ, ಇಂಟರ್‌ವ್ಯೂ, ಸ್ಕ್ಯಾನಿಂಗ್, ವೇದಿಕೆಯ ಮೇಲೆ ಮಾತು. ಇಂಥ ಒಂದು ನಿರ್ದಿಷ್ಟ ಸಂದರ್ಭಕ್ಕೆ ಈ ಅಭ್ಯಾಸ ಚೆನ್ನಾಗಿ ಒಗ್ಗುತ್ತದೆ. ಪರೀಕ್ಷೆಯನ್ನೇ ತೆಗೆದುಕೊಳ್ಳಿ. ರಾತ್ರಿ ಮಲಗಿದ ಮೇಲೆ ಕಾಲ್ಬೆರಳಿನಿಂದ ಶುರು ಮಾಡಿ ಒಂದೊಂದೇ ಭಾಗ ಬಿಗಿ ಮಾಡಿ ಬಿಡುವುದು. ಮನೆಯವರು ಯಾರಾದರೂ ಮೆಲ್ಲಗೆ ಹೇಳುತ್ತಾ ಹೋದರೆ ಮಕ್ಕಳಿಗೆ ಇನ್ನೂ ಸುಲಭ. ಆಮೇಲೆ ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ಸ್ವಲ್ಪ ಉದ್ದ ಮಾಡುವುದು. ಬಲವಂತ ಬೇಡ, ಉಸಿರು ಕಟ್ಟುವುದು ಬೇಡ. ಅದು ಒಂದು ಹದಕ್ಕೆ ಬಂದ ಮೇಲೆ ಪರೀಕ್ಷೆಯ ಕೋಣೆಗೆ ಹೋಗುವುದು. ಬೆಂಚು, ಫ್ಯಾನಿನ ಸದ್ದು, ಕೈಗೆ ಬಂದ ಪ್ರಶ್ನೆಪತ್ರಿಕೆ. ಮೊದಲ ಪ್ರಶ್ನೆ ಗೊತ್ತಿಲ್ಲ. ಎದೆ ಧಸಕ್ ಅಂದಿತು. ಪೆನ್ ಕೆಳಗಿಟ್ಟು ಮೂರು ಸಲ ಉದ್ದ ಉಸಿರು ಬಿಟ್ಟೆ. ಎರಡನೇ ಪ್ರಶ್ನೆಗೆ ಹೋದೆ. ಅದು ಬರುತ್ತದೆ, ಬರೆದೆ. ರ್‍ಯಾಂಕಿನ ಚಿತ್ರಕ್ಕಿಂತ ಈ ಚಿತ್ರ ಮಗುವಿಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ. ಓದಿರಬೇಕು ಅನ್ನುವುದಂತೂ ಲಂಡನ್ ರೇಸಿನಿಂದಲೇ ಗೊತ್ತಾಯಿತು. ಮನೆಯಲ್ಲಿ ಗಡಿಯಾರ ಇಟ್ಟು ಹಳೆಯ ಪ್ರಶ್ನೆಪತ್ರಿಕೆ ಬರೆಯುವಾಗ, ಗೊತ್ತಿಲ್ಲದ ಪ್ರಶ್ನೆಯ ಮುಂದೆ ಈ ಮೂರು ಉಸಿರನ್ನು ನಿಜವಾಗಿಯೂ ಬಿಟ್ಟು ನೋಡಬೇಕು.

ಎಲ್ಲರಿಗೂ ಇದು ಹಿತವಾಗುವುದಿಲ್ಲ. ಉಸಿರಿನ ಮೇಲೆ ಗಮನ ಇಟ್ಟರೆ ಉಬ್ಬಸ ಇರುವ ಕೆಲವರಿಗೆ, ಪ್ಯಾನಿಕ್ ಬರುವ ಕೆಲವರಿಗೆ ಗಾಬರಿ ಹೆಚ್ಚುತ್ತದೆ. ಹಿಂದೆ ದೊಡ್ಡ ಆಘಾತ ಅನುಭವಿಸಿದವರಿಗೆ ಕಣ್ಣು ಮುಚ್ಚಿದರೆ ಅದೇ ದೃಶ್ಯ ಬರಬಹುದು. ಅಂಥವರು ಕಣ್ಣು ತೆರೆದುಕೊಂಡೇ, ಪಾದ ನೆಲಕ್ಕೆ ತಾಗುವುದನ್ನೋ ನಡಿಗೆಯ ಹೆಜ್ಜೆಯನ್ನೋ ಎಣಿಸಬಹುದು. ತೊಂದರೆ ಕೊಟ್ಟರೆ ನಿಲ್ಲಿಸಬೇಕು. ಮುಂದುವರಿಸು, ಸರಿಹೋಗುತ್ತದೆ ಎಂದು ಯಾರೂ ಒತ್ತಾಯ ಮಾಡಬಾರದು.

ಎರಡು ವಾರಕ್ಕಿಂತ ಜಾಸ್ತಿ ದಿನ ಮನಸ್ಸು ಮಂಕಾಗಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ವೈದ್ಯರ ಹತ್ತಿರ ಹೋಗಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಅಂತ ಕಾಯುವುದು ಬೇಡ, ಅವತ್ತೇ ಯಾರಿಗಾದರೂ ಹೇಳಬೇಕು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸೇವೆಯ ನಂಬರು 14416. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ ಯಾವ ಹೊತ್ತಿಗೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.